ಐಸ್ ಪೆಟ್ಟಿಗೆಯಲ್ಲಿ ತೇವದ ಹದ

ಮಳೆಗಾಲ ಹಿಡಿಯಿತೆಂದರೆ ಅಡಿಗೆಮನೆಯ ಉಪ್ಪಿನ ಭರಣಿ ಬೆವರುತ್ತದೆ. ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ಬಾಗಿಲು ಕುಗ್ಗಿ ಸಂದು ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿಯೊಡನೆ ಈ ವಸ್ತುಗಳು ನಡೆಸುವ ಕೊಡುಕೊಳ್ಳುವಿಕೆಯೇ ಇದಕ್ಕೆಲ್ಲ ಕಾರಣ. ಹೊಗೆಸೊಪ್ಪಿನ ಎಲೆಗಳನ್ನು ಸುತ್ತಿ ಮಾಡಿದ ಸಿಗಾರು ಈ ವಿಷಯದಲ್ಲಿ ಹಪ್ಪಳಕ್ಕಿಂತಲೂ ಸೂಕ್ಷ್ಮವಾದುದು. ಅದನ್ನು ಹದಗೆಡದಂತೆ ಇಡಲು ಅಮೆರಿಕದ ಹವ್ಯಾಸಿಗಳು ವನಭೋಜನಕ್ಕೆ ಒಯ್ಯುವ ಐಸ್ ಪೆಟ್ಟಿಗೆಯನ್ನೇ ಬಳಸಿಕೊಂಡಿದ್ದಾರೆ. ಆ ಪೆಟ್ಟಿಗೆಯ ಹಿಂದಿರುವ ವಿಜ್ಞಾನವನ್ನು ನಾವಿಲ್ಲಿ ವಿಚಾರಿಸೋಣ.

ಒಂದು ಉಷ್ಣತೆಯಲ್ಲಿ ಗಾಳಿಯು ಹೊರಬಲ್ಲ ನೀರಾವಿಗೆ ಒಂದು ಮಿತಿಯುಂಟು. ಒಂದು ಘನಮೀಟರು ಗಾಳಿಯಲ್ಲಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ೪.೮ ಗ್ರಾಂ, ೨೦ ಡಿಗ್ರಿಯಲ್ಲಿ ೧೭.೩ ಗ್ರಾಂ, ೨೫ ಡಿಗ್ರಿಯಲ್ಲಿ ೨೩ ಗ್ರಾಂ ಆವಿ ಇರಬಲ್ಲುದು. ಈ ಮಿತಿಯಲ್ಲಿ ಎಷ್ಟು ಪಾಲು ತುಂಬಿದೆಯೆಂಬುದೇ ಸಾಪೇಕ್ಷ ಆರ್ದ್ರತೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಹೊರಗಾಳಿ ಸೊನ್ನೆ ಡಿಗ್ರಿಯಲ್ಲಿ ಆವಿಯಿಂದ ತುಂಬಿ ತುಳುಕುತ್ತಿದ್ದರೂ, ಅದನ್ನು ಮನೆಯೊಳಕ್ಕೆ ತಂದು ೨೦ ಡಿಗ್ರಿಗೆ ಕಾಯಿಸಿದಾಗ ಅದರ ಆರ್ದ್ರತೆ ಶೇಕಡ ೨೮ಕ್ಕೆ ಇಳಿಯುತ್ತದೆ. ಕ್ಯೂಬಾದಂಥ ಬೆಚ್ಚನೆಯ, ತೇವಭರಿತ ದ್ವೀಪದಿಂದ ಬಂದ ಸಿಗಾರು ಈ ಒಣಗಾಳಿಗೆ ಸಿಕ್ಕಿದರೆ ಅದರ ಹೊದಿಕೆಯ ಎಲೆ ಬಿರಿಯುತ್ತದೆ. ಸುವಾಸನೆಯ ತೈಲಗಳು ಹಾರಿಹೋಗುತ್ತವೆ. ತೇವ ಮಿತಿಮೀರಿದರೆ ಸಿಗಾರು ಊದಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಶೇಕಡ ೬೫ರಿಂದ ೭೦ರ ವರೆಗಿನ ಆರ್ದ್ರತೆಯೇ ಅದಕ್ಕೆ ಹಿತವಾದುದು.

ಇದಕ್ಕೆಂದೇ ಮಾಡಿದ ಮರದ ಸಂಪುಟಗಳು ದುಬಾರಿಯಾದವು. ಐಸ್ ಪೆಟ್ಟಿಗೆಯಾದರೋ ಸುಲಭವಾಗಿ ಸಿಕ್ಕುತ್ತದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ರಿಚರ್ಡ್ ಲಾರಮಿ ಎಂಬವರು ೧೯೫೧ರಲ್ಲಿ ಅರ್ಜಿ ಸಲ್ಲಿಸಿ, ೧೯೫೩ರಲ್ಲಿ ಇಂಥ ಪೆಟ್ಟಿಗೆಗೆ ಹಕ್ಕುಪತ್ರವನ್ನು ಪಡೆದರು. ಇಂದಿನ ಪೆಟ್ಟಿಗೆಯ ಎರಡು ಪ್ಲಾಸ್ಟಿಕ್ ಗೋಡೆಗಳ ನಡುವೆ ನೊರೆಯಂತಹ ಪಾಲಿಯುರೆಥೇನ್ ತುಂಬಿರುತ್ತದೆ. ನೊರೆಯ ಗುಳ್ಳೆಗಳಲ್ಲಿ ಸೆರೆಯಾದ ಅನಿಲದ ಮೂಲಕ ಶಾಖ ಬಲು ನಿಧಾನವಾಗಿ ಹಾಯುತ್ತದೆ. ಪ್ಲಾಸ್ಟಿಕ್ ಗೋಡೆ ಆವಿಯನ್ನೂ ತಡೆಯುತ್ತದೆ. ಇಲ್ಲಿ ನಾವು ಮಂಜುಗಡ್ಡೆಯನ್ನು ಇಡುವುದಿಲ್ಲ. ಪೆಟ್ಟಿಗೆ ತಾನಾಗಿ ತಂಪನ್ನು ಹುಟ್ಟಿಸುವುದೂ ಇಲ್ಲ. ಹೊರಗಿನ ಏರಿಳಿತಗಳು ಒಳಗೆ ಮೆಲ್ಲನೆ ಮುಟ್ಟುವಂತೆ ಮಾಡುವುದಷ್ಟೇ ಅದರ ಕೆಲಸ.

ಈ ಕೆಲಸ ಅಲ್ಪವಾದುದಲ್ಲ. ಬರಿದಾದ ಮುಚ್ಚಿದ ಪೆಟ್ಟಿಗೆಯಲ್ಲಿ ೨೫ ಡಿಗ್ರಿಯ ಗಾಳಿ ಶೇಕಡ ೭೦ರ ಆರ್ದ್ರತೆಯಲ್ಲಿದೆಯೆನ್ನೋಣ. ರಾತ್ರಿ ಅದು ೨೦ ಡಿಗ್ರಿಗೆ ತಣಿದರೆ, ಒಂದು ಹನಿ ನೀರನ್ನೂ ಸೇರಿಸದೆ, ಆರ್ದ್ರತೆ ಶೇಕಡ ೯೩ಕ್ಕೆ ಏರುತ್ತದೆ! ಉಷ್ಣತೆಯನ್ನು ಸ್ಥಿರವಾಗಿಡದೆ ಆರ್ದ್ರತೆಯನ್ನು ಸ್ಥಿರವಾಗಿಡುವುದು ಕಷ್ಟವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ತಯಾರಿಕೆಯ ಕ್ರಮ. ಸುಮಾರು ೫೦ ಲೀಟರಿನ ಪೆಟ್ಟಿಗೆ ಸಾಕು. ಮುಚ್ಚಳದ ಅಂಚಿಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಎಳೆದು ನೋಡಬೇಕು. ಅದು ಸಲೀಸಾಗಿ ಜಾರಿ ಬಂದರೆ ಆ ಎಡೆಯಲ್ಲಿ ಸಂದಿದೆಯೆಂದು ತಿಳಿಯಬೇಕು. ನೀರು ಬಸಿಯುವ ರಂಧ್ರವನ್ನು ಬಿಗಿಯಾಗಿ ಮುಚ್ಚಬೇಕು. ಹೊಗೆಸೊಪ್ಪು ವಾಸನೆಗಳನ್ನು ಹೀರಿಕೊಳ್ಳುವುದರಿಂದ, ಅಡಿಗೆ ಸೋಡ ಬೆರಸಿದ ನೀರಿನಿಂದ ಒಳಭಾಗವನ್ನು ತೊಳೆದು, ಪ್ಲಾಸ್ಟಿಕ್ಕಿನ ವಾಸನೆ ಹೋಗುವ ತನಕ ಹಲವು ದಿನ ತೆರೆದಿಡಬೇಕು. ಬಳಿಕ ಸ್ಪ್ಯಾನಿಷ್ ಸೀಡರ್ ಮರದ ತಟ್ಟೆಗಳನ್ನು, ಅಡಿಯಲ್ಲಿ ಗಾಳಿಯಾಡುವಂತೆ, ತಳದಿಂದ ಸ್ವಲ್ಪ ಎತ್ತರಿಸಿ ಜೋಡಿಸಬೇಕು. ಹೆಸರು ಸೀಡರ್ ಎಂದಿದ್ದರೂ ಇದು ದೇವದಾರುವಿನ ಬಳಗಕ್ಕೆ ಸೇರಿದುದಲ್ಲ. ನಮ್ಮ ಬೇವಿನ ಕುಟುಂಬದ ಮರ.

ಮರವೇಕೆ ಬೇಕು? ಲೆಕ್ಕ ಹಾಕಿ ನೋಡೋಣ. ೫೦ ಲೀಟರು ಗಾಳಿಯಲ್ಲಿ, ೨೦ ಡಿಗ್ರಿಯಲ್ಲಿ, ಶೇಕಡ ೭೦ರ ಆರ್ದ್ರತೆಯಿದ್ದಾಗ ಇರುವ ನೀರು ಕೇವಲ ೦.೬ ಗ್ರಾಂ, ಅಂದರೆ ಹನ್ನೆರಡು ಹನಿಯಷ್ಟು. ಆದರೆ ತಲಾ ೧೨ ಗ್ರಾಂ ತೂಗುವ ನೂರು ಸಿಗಾರುಗಳಲ್ಲಿ ಅಡಗಿರುವ ನೀರು ಸುಮಾರು ೧೫೦ ಗ್ರಾಂ! ಹೊಗೆಸೊಪ್ಪು ಮತ್ತು ಮರಗಳೇ ತೇವದ ನಿಜವಾದ ಕಣಜ; ಗಾಳಿ ನಡುವಣ ವ್ಯವಹಾರಿ ಮಾತ್ರ. ಕಣಜ ದೊಡ್ಡದಾದಷ್ಟೂ ಏರಿಳಿತ ಕಡಮೆ.

ತೇವವನ್ನು ಒದಗಿಸಲು ನೀರಿನಲ್ಲಿ ನೆನೆಸಿದ ಸ್ಪಂಜನ್ನು ಇಡುವುದು ತಪ್ಪು. ಬರಿಯ ನೀರು ಗಾಳಿಯನ್ನು ಶೇಕಡ ೧೦೦ರ ಕಡೆಗೇ ಒಯ್ಯುತ್ತದೆ. ಬೂಷ್ಟಿಗೆ ಅದು ಆಹ್ವಾನ. ಇಲ್ಲಿ ನೆರವಿಗೆ ಬರುವುದು ಆ ಬೆವರುವ ಭರಣಿಯ ಉಪ್ಪು. ಶುದ್ಧವಾದ ಉಪ್ಪು ಗಾಳಿಯ ಆರ್ದ್ರತೆ ಶೇಕಡ ೭೫ನ್ನು ಮೀರಿದೊಡನೆ ನೀರೊಡೆಯಲು ತೊಡಗುತ್ತದೆ. ಉಪ್ಪಿನ ಹರಳೂ ಅದರ ಸಂತೃಪ್ತ ದ್ರಾವಣವೂ ಕೂಡಿರುವ ಬಟ್ಟಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ, ಗಾಳಿ ತೇವವಾದಾಗ ದ್ರಾವಣವು ಆವಿಯನ್ನು ಹೀರಿ ಹರಳನ್ನು ಕರಗಿಸಿಕೊಳ್ಳುತ್ತದೆ. ಒಣಗಿದಾಗ ಆವಿಯನ್ನು ಬಿಟ್ಟುಕೊಟ್ಟು ಹರಳುಗಟ್ಟುತ್ತದೆ. ಹರಳೂ ದ್ರಾವಣವೂ ಉಳಿದಿರುವ ತನಕ ಆರ್ದ್ರತೆ ಶೇಕಡ ೭೫ರ ಬಳಿ ನಿಲ್ಲುತ್ತದೆ. ಪ್ರತಿಯೊಂದು ಲವಣಕ್ಕೂ ಇಂಥದೊಂದು ಮಟ್ಟವುಂಟು: ಮೆಗ್ನೀಷಿಯಂ ಕ್ಲೋರೈಡಿಗೆ ಶೇಕಡ ೩೩, ಪೊಟಾಸಿಯಂ ಅಯೊಡೈಡಿಗೆ ಸುಮಾರು ೬೯. ಆವಿಯನ್ನು ಮಾತ್ರ ಹಾಯಗೊಡುವ ಪೊರೆಯಲ್ಲಿ ಇಂಥ ದ್ರಾವಣಗಳನ್ನು ತುಂಬಿದ ಸಿದ್ಧ ಪೊಟ್ಟಣಗಳು ಮಾರಾಟಕ್ಕಿವೆ. ಶೇಕಡ ೬೫ ಅಥವಾ ೬೯ರ ಪೊಟ್ಟಣಗಳನ್ನು ಇಡುವುದೇ ಸುಲಭವೂ ಕ್ಷೇಮವೂ ಆದ ದಾರಿ.

ಇನ್ನು ಅಳತೆ. ೧೭೮೩ರಲ್ಲಿ ಜಿನೀವಾದ ಸೋಸ್ಯೂರ್ ಎಂಬ ವಿಜ್ಞಾನಿ, ತೇವದಿಂದ ಕೂದಲು ಉದ್ದವಾಗುವುದನ್ನು ಆಧರಿಸಿದ ಆರ್ದ್ರತಾಮಾಪಕವನ್ನು ವಿವರಿಸಿದನು. ಇಂದು ವಿದ್ಯುನ್ಮಾನದ ಮಾಪಕಗಳು ಬಂದಿವೆ. ಆದರೆ ಅಗ್ಗದ ಮಾಪಕದ ಮಾತನ್ನು ಪರೀಕ್ಷಿಸದೆ ನಂಬಬಾರದು. ಸೀಸೆಯ ಮುಚ್ಚಳವೊಂದರಲ್ಲಿ ಉಪ್ಪನ್ನು ತುಂಬಿ, ಅದು ಕರಗಿಹೋಗದಂತೆ ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತರಬೇಕು. ಅದನ್ನು ಮಾಪಕದೊಡನೆ ಪಾರದರ್ಶಕ ಚೀಲದಲ್ಲಿ ಭದ್ರವಾಗಿ ಮುಚ್ಚಿ ಒಂದು ದಿನ ಬಿಡಬೇಕು. ಮಾಪಕವು ೭೫ನ್ನು ತೋರಿಸಬೇಕು. ೭೦ನ್ನು ತೋರಿಸಿದರೆ ಮುಂದೆ ಆ ಸುಮಾರಿನ ಅಳತೆಗೆ ೫ನ್ನು ಕೂಡಿಸಿ ಓದಬೇಕು. ಈ ಸಣ್ಣ ಪರೀಕ್ಷೆಯನ್ನು ಬಿಟ್ಟವನು ಮಾಪಕದ ತಪ್ಪನ್ನು ಸರಿಪಡಿಸಲು ಹೋಗಿ ಪೆಟ್ಟಿಗೆಯನ್ನೇ ಕೆಡಿಸಿಕೊಂಡಾನು.

ಎಲ್ಲವೂ ಸಿದ್ಧವಾದ ಮೇಲೂ ಆತುರ ಸಲ್ಲದು. ಮರವು ತೇವವನ್ನು ಕುಡಿದು ತಣಿಯಲು ಒಂದೆರಡು ವಾರ ಬೇಕು. ಮಾಪಕ ಸ್ಥಿರವಾಗಿ ನಿಂತ ಮೇಲೆಯೇ ಸಿಗಾರುಗಳನ್ನು ಇಡಬೇಕು. ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಉಷ್ಣತೆ ೧೮ರಿಂದ ೨೦ ಡಿಗ್ರಿಯ ಸುತ್ತ ಇದ್ದರೆ ಒಳ್ಳೆಯದು. ಏಕೆಂದರೆ ಶಾಖ ಹೆಚ್ಚಿದಂತೆ ಹೊಗೆಸೊಪ್ಪಿನ ದುಂಬಿಯ ಮೊಟ್ಟೆಗಳು ಒಡೆದು, ಮರಿಹುಳುಗಳು ಸಿಗಾರನ್ನು ಕೊರೆಯುತ್ತವೆ.

ಹೊಗೆಸೊಪ್ಪಿನ ಸೇವನೆ ಕ್ಯಾನ್ಸರಿಗೂ ಹೃದ್ರೋಗಕ್ಕೂ ಎಡೆಗೊಡುವುದೆಂಬುದು ನಿರ್ವಿವಾದ. ಸಿಗಾರನ್ನು ಹದವಾಗಿ ಇಟ್ಟ ಮಾತ್ರಕ್ಕೆ ಅದರ ವಿಷ ಕಡಮೆಯಾಗದು. ಆದರೆ ಪೆಟ್ಟಿಗೆಯ ತತ್ತ್ವ ಸಿಗಾರಿಗೆ ಮಾತ್ರ ಮೀಸಲಲ್ಲ. ಮಲೆನಾಡಿನ ಮಳೆಯಲ್ಲಿ ಕ್ಯಾಮರದ ಮಸೂರಕ್ಕೆ ಬೂಷ್ಟು ಹಿಡಿಯುವುದನ್ನೂ, ಕರಾವಳಿಯ ರೈತನ ಬಿತ್ತನೆಯ ಬೀಜ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದನ್ನೂ ಇದೇ ಬಗೆಯಲ್ಲಿ ತಡೆಯಬಹುದು. ಅಲ್ಲಿ ಬೇಕಾದುದು ತೇವವನ್ನು ಹೀರುವ ಸಿಲಿಕಾ ಜೆಲ್. ಬಿಗಿಯಾದ ಪೆಟ್ಟಿಗೆ, ತಕ್ಕ ವಸ್ತು, ಪರೀಕ್ಷಿಸಿದ ಮಾಪಕ: ಈ ಮೂರು ಕೂಡಿದರೆ ಮಳೆಗಾಲವೂ ಬೇಸಗೆಯೂ ಪೆಟ್ಟಿಗೆಯ ಹೊರಗೇ ಉಳಿಯುತ್ತವೆ.