ದುಡಿಮೆ ಇದ್ದರೂ ಬಡತನವೇಕೆ?

ಬೆಳಗಿನ ಪೂಜೆ ಮುಗಿಸಿ ಮನೆಗೆ ಹಿಂದಿರುಗುವಾಗ ಒಮ್ಮೆ ಬೀದಿಯತ್ತ ಕಣ್ಣು ಹಾಯಿಸಿರಿ. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿ, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಬಸ್ಸಿಗೆ ಓಡುವ ತಾಯಿ, ನಾಲ್ಕು ಮನೆಗಳ ಪಾತ್ರೆ ತೊಳೆಯಲು ಹೊರಟ ಸಹೋದರಿ ಕಾಣಸಿಗುತ್ತಾರೆ. ‘ಹೆಂಗಸರಿಗೆ ಕೆಲಸ ಸಿಕ್ಕಿದರೆ ಮನೆಯ ಬಡತನ ನೀಗುತ್ತದೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇವರಿಗೆ ಕೆಲಸವಿಲ್ಲವೇ? ಹೊತ್ತು ಮೂಡುವ ಮುನ್ನವೇ ದುಡಿಯತೊಡಗುವ ಇವರು ಇನ್ನೂ ಏಕೆ ಬಡವರು?

ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವವರ ಮತ್ತು ಕೆಲಸ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ರಲ್ಲಿ ಶೇ. 41.7ಕ್ಕೆ ಏರಿತು. ಸಂತೋಷದ ಸಂಗತಿಯೇ. ಆದರೆ ಆ ವರ್ಷ ದುಡಿಯುತ್ತಿದ್ದ ಮಹಿಳೆಯರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಮನೆಯ ಹೊಲ, ಅಂಗಡಿಗಳಲ್ಲಿ ಸಂಬಳವಿಲ್ಲದೆ ದುಡಿದವರು. ಲೆಕ್ಕದಲ್ಲಿ ಕೆಲಸವುಂಟು, ಕೈಯಲ್ಲಿ ಕಾಸಿಲ್ಲ.

ಮೂಟೆ ಹೊತ್ತವರ ಪಾಠ

ದುಡಿಮೆಗೆ ತಕ್ಕ ಫಲ ಕೈಸೇರಬೇಕಾದರೆ ಏನು ಬೇಕೆಂಬುದನ್ನು ಅಹಮದಾಬಾದಿನ ಬಡ ಸ್ತ್ರೀಯರು ನಮಗೆ ಕಲಿಸಿದ್ದಾರೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಬಟ್ಟೆ ಮಾರುಕಟ್ಟೆಯಲ್ಲಿ ತಲೆಹೊರೆ ಹೊರುತ್ತಿದ್ದ ಸ್ತ್ರೀಯರು, ಜವಳಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರಲ್ಲಿ ತಮ್ಮ ಅಳಲನ್ನು ತೋಡಿಕೊಂಡರು. ದೂರವೆಷ್ಟೇ ಇರಲಿ, ಭಾರವೆಷ್ಟೇ ಇರಲಿ, ವರ್ತಕರು ಕೊಟ್ಟದ್ದೇ ಕೂಲಿ. ಎಷ್ಟು ಸಲ ಹೊತ್ತರೆಂಬುದಕ್ಕೂ ಸರಿಯಾದ ಲೆಕ್ಕವಿಲ್ಲ. ಇಳಾ ಭಟ್ ಇದನ್ನು ಪತ್ರಿಕೆಯಲ್ಲಿ ಬರೆದರು. ವರ್ತಕರು ಅದಕ್ಕೆ ಉತ್ತರವಾಗಿ, ತಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆಂದು ಪ್ರಕಟಿಸಿದರು. ಆಗ ಮಹಿಳಾ ವಿಭಾಗದವರು ವರ್ತಕರ ಆ ಮಾತುಗಳನ್ನೇ ಚೀಟಿಗಳಲ್ಲಿ ಅಚ್ಚು ಹಾಕಿಸಿ ಸ್ತ್ರೀಯರ ಕೈಗಿತ್ತರು. ನೀವೇ ಹೇಳಿದ ಕೂಲಿ ಕೊಡಿ ಎಂದು ಕೇಳಲು ಅವರಿಗೊಂದು ಆಧಾರ ದೊರೆಯಿತು!

1972ರಲ್ಲಿ ಇಂತಹ ಸ್ತ್ರೀಯರದೇ ‘ಸೇವಾ’ ಸಂಘ ಹುಟ್ಟಿತು. ಗೊತ್ತಾದ ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೇಕೆ ಎಂದು ಕಾರ್ಮಿಕ ಇಲಾಖೆ ಮೊದಲು ಒಪ್ಪಲಿಲ್ಲ. ಅವರು ಪಟ್ಟು ಬಿಡದೆ ನೋಂದಣಿ ಮಾಡಿಸಿದರು. ಆದರೂ ಗಳಿಸಿದ ಹಣ ಸಾಲಗಾರರ ಬಡ್ಡಿಗೇ ಹೋಗುತ್ತಿತ್ತು. ಆದ್ದರಿಂದ 1974ರಲ್ಲಿ 4,000 ಸ್ತ್ರೀಯರು ತಲಾ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ಸಹಿ ಹಾಕಲು ಬಾರದವರನ್ನು ಗುರುತಿಸಲು ಭಾವಚಿತ್ರ ಬಳಸಿದರು. ಖಾತೆ ಅವಳದೇ ಹೆಸರಿನಲ್ಲಿ, ಉಳಿತಾಯವೂ ಅವಳದೇ.

ಕೆಲಸವೊಂದೇ ಸಾಲದು, ನ್ಯಾಯವಾದ ಕೂಲಿ, ಗಳಿಕೆಯ ಮೇಲೆ ಹಕ್ಕು, ಜೊತೆಗೆ ನಿಲ್ಲುವವರ ಬಲ, ಈ ಮೂರೂ ಸೇರಿದಾಗಲೇ ದುಡಿಮೆ ಬಡತನವನ್ನು ಸಡಿಲಿಸುತ್ತದೆ. ನಮ್ಮ ಕರಾವಳಿಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ತಾಯಂದಿರಿಗೂ ಈ ಮಾತು ಸಲ್ಲುತ್ತದೆ.

ಶ್ರೀಗ್ರಂಥದ ಬೆಳಕಿನಲ್ಲಿ

ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗುಣವತಿಯ ಶ್ರಮವನ್ನು ನಾವು ಕೊಂಡಾಡುತ್ತೇವೆ. ಆದರೆ ಅವಳು ತಾನೇ ನೋಡಿ ಹೊಲ ಕೊಂಡವಳು, ತನ್ನ ಗಳಿಕೆಯಿಂದ ದ್ರಾಕ್ಷಿತೋಟ ಮಾಡಿದವಳು ಎಂಬುದನ್ನು ಮರೆಯುತ್ತೇವೆ. ಅವಳ ಕೈದುಡಿಮೆಯ ಫಲ ಅವಳಿಗೇ ಸಲ್ಲಲಿ ಎಂಬುದೇ ಆ ಅಧ್ಯಾಯದ ಕೊನೆಯ ಕೋರಿಕೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ (5:4). ಜಗದ್ಗುರು ಎರಡನೆಯ ಜಾನ್ ಪಾಲರು 1995ರಲ್ಲಿ ಮಹಿಳೆಯರಿಗೆ ಬರೆದ ಪತ್ರದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನವನ್ನೂ ದುಡಿಯುವ ತಾಯಂದಿರಿಗೆ ರಕ್ಷಣೆಯನ್ನೂ ಕೇಳಿದರು.

ವರ್ತಕರನ್ನು ದೂರುವುದು ಸುಲಭ. ಆದರೆ ನಾವು ನ್ಯಾಯವಂತರೆಂದು ಹೇಳಿಕೊಳ್ಳುವ ಮಾತನ್ನೇ ಚೀಟಿಯಲ್ಲಿ ಬರೆದು, ನಮ್ಮ ಮನೆಗೆಲಸಕ್ಕೆ ಬರುವಾಕೆಯ ಕೈಗೆ ಕೊಡಲು ನಮಗೆ ಧೈರ್ಯವುಂಟೇ?

ಕುಟುಂಬ ಪ್ರಾರ್ಥನೆಯ ನಂತರ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ದುಡಿಯುವಾಕೆಗೆ ಸಂಬಳ ಸಕಾಲಕ್ಕೆ ಸಲ್ಲುತ್ತಿದೆಯೇ? ಜ್ವರ ಬಂದ ದಿನದ ಸಂಬಳ ಹಿಡಿಯುತ್ತೇವೆಯೇ?

2. ನಮ್ಮ ತಾಯಿ, ಪತ್ನಿ, ಮಗಳ ಗಳಿಕೆಯನ್ನು ಖರ್ಚು ಮಾಡುವಾಗ ಅವರ ಮಾತಿಗೆ ಬೆಲೆ ಇದೆಯೇ?

3. ನಮ್ಮ ಧರ್ಮಕೇಂದ್ರದಲ್ಲಿ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿಲ್ಲದ ಸಹೋದರಿ ಇದ್ದಾಳೆಯೇ? ಅವಳ ಜೊತೆ ಬ್ಯಾಂಕಿಗೆ ಹೋಗಿಬರಲು ಯಾರು ಸಿದ್ಧ?