ಇಂದಿನ ಧಮ್ಮ ಚಿಂತನೆ: ಬೀಗದ ಒಳಗಿರುವ ಪರದೇಶಿ





ನಮ್ಮ ಹಳ್ಳಿಗಳಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವನು ಎಂಬುದು ಇನ್ನೊಂದು. ವಿದೇಶಿಯರ ಬಂಧನ ಕೇಂದ್ರದಲ್ಲಿ ಇರುವವರಿಗೆ ಈ ಎರಡೂ ಅರ್ಥ ಒಟ್ಟಿಗೆ ಸಲ್ಲುತ್ತವೆ. ಇಂದು ಅವರ ಬಗ್ಗೆ ಚಿಂತಿಸೋಣ.

ವೀಸಾ ಅವಧಿ ಮುಗಿದ ಮೇಲೂ ಉಳಿದವರು, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರು, ಅಸ್ಸಾಮಿನಲ್ಲಿ ನ್ಯಾಯಮಂಡಳಿಯು ವಿದೇಶಿ ಎಂದು ಘೋಷಿಸಿದವರು ಇಂಥ ಕೇಂದ್ರಗಳಲ್ಲಿದ್ದಾರೆ. ಸ್ವದೇಶಕ್ಕೆ ಕಳುಹಿಸುವವರೆಗೆ ಅವರನ್ನು ಅಲ್ಲಿ ಇರಿಸಲಾಗುತ್ತದೆ. ಯಾವ ದೇಶವೂ ‘ಇವನು ನಮ್ಮವನು’ ಎಂದು ಒಪ್ಪದಿದ್ದರೆ ಆ ಕಾಯುವಿಕೆ ವರ್ಷಗಟ್ಟಲೆ ಎಳೆಯುತ್ತದೆ.

ಕರ್ನಾಟಕದಲ್ಲೂ ಇಂಥ ಕೇಂದ್ರವಿದೆ, ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ. ಆ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿತ್ತು. ಅಂಥ ಹಾಸ್ಟೆಲ್‌ಗಳ ಅನ್ನ ಉಂಡು ಓದಿದವರು ನಮ್ಮಲ್ಲಿ ಎಷ್ಟು ಜನ! ನಮ್ಮ ಮಕ್ಕಳು ಪುಸ್ತಕ ಹಿಡಿದು ಕೂರಬೇಕಿದ್ದ ಕೋಣೆಗಳಿಗೆ ಈಗ ಕಾವಲಿದೆ. ಅಲ್ಲಿರುವವರ ಕಷ್ಟ ನಮಗೆ ಸಂಬಂಧವಿಲ್ಲದ್ದು ಎಂದು ನಾವು ಹೇಗೆ ಹೇಳೋಣ?

*ಬಾಬಾಸಾಹೇಬರ ಸಂವಿಧಾನದಲ್ಲಿ*

ಸಂವಿಧಾನದ 19ನೇ ವಿಧಿಯನ್ನು ತೆರೆದು ನೋಡಿ. ವಾಕ್ ಸ್ವಾತಂತ್ರ್ಯ, ದೇಶದೊಳಗೆ ಓಡಾಡುವ ಸ್ವಾತಂತ್ರ್ಯ ಅಲ್ಲಿ ‘ನಾಗರಿಕ’ರಿಗೆ ಸಿಕ್ಕಿವೆ. ಆಮೇಲೆ 14, 21 ಮತ್ತು 25ನೇ ವಿಧಿಗಳನ್ನು ನೋಡಿ. ಕಾನೂನಿನ ಮುಂದೆ ಸಮಾನತೆ, ಜೀವಿಸುವ ಹಕ್ಕು, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ – ಈ ಮೂರು ಕಡೆ ಇರುವ ಪದ ‘ವ್ಯಕ್ತಿ’. ಪಾಸ್‌ಪೋರ್ಟ್ ಇಲ್ಲದವನೂ ವ್ಯಕ್ತಿಯೇ. ಅಂಥವನನ್ನು ಕಾನೂನು ಪ್ರಕಾರ ಹೊರಗೆ ಕಳುಹಿಸುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಕಳುಹಿಸುವ ದಿನದವರೆಗೂ ಅವನು ಮನುಷ್ಯನಾಗಿ ಬದುಕಬೇಕು, ತನ್ನ ನಂಬಿಕೆಯಂತೆ ನಡೆಯಬೇಕು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯದ ಮಿತಿ ನಮಗೆ ಇರುವಂತೆ ಅವನಿಗೂ ಇದೆ.

ಈ ಮಾತಿನ ಬೆಲೆ ಬೌದ್ಧರಿಗೆ ಗೊತ್ತಿರಬೇಕು. 1964ರಿಂದ ಚಿತ್ತಗಾಂಗ್ ಬೆಟ್ಟಪ್ರದೇಶ ಬಿಟ್ಟು ಬಂದು ಇಂದಿನ ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನ ಬೌದ್ಧರು. 1990ರ ದಶಕದಲ್ಲಿ ಅವರಿಗೆ ‘ಜಾಗ ಖಾಲಿ ಮಾಡಿ’ ಎಂಬ ಬೆದರಿಕೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗರಿಕನಿರಲಿ, ಇಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ರಕ್ಷಿಸುವುದು ರಾಜ್ಯದ ಹೊಣೆ ಎಂದು 1996ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಚಕ್ಮಾರನ್ನು ಕಾಪಾಡಿದ್ದು ಅದೇ ‘ವ್ಯಕ್ತಿ’ ಎಂಬ ಪದ.

*ನಮ್ಮ ಮೈತ್ರಿಗೆ ಪರೀಕ್ಷೆ*

ಚಕ್ಮಾರ ವಿಷಯದಲ್ಲಿ ನಮ್ಮ ಮನಸ್ಸು ಬೇಗ ಕರಗುತ್ತದೆ. ರೋಹಿಂಗ್ಯಾರ ವಿಷಯದಲ್ಲಿ? ಬೌದ್ಧರೇ ಬಹುಸಂಖ್ಯಾತರಾಗಿರುವ ಮ್ಯಾನ್ಮಾರ್‌ನಿಂದ 2017ರಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಸೈನ್ಯದ ಹಿಂಸೆಗೆ ಹೆದರಿ ಬಾಂಗ್ಲಾದೇಶಕ್ಕೆ ಓಡಿದರು. ಅದೇ ಜನಾಂಗದ ಕೆಲವರು ಭಾರತದಲ್ಲೂ ಇದ್ದಾರೆ. 2021ರ ಮಾರ್ಚ್‌ನಲ್ಲಿ ಜಮ್ಮುವಿನಲ್ಲಿ 150ಕ್ಕೂ ಹೆಚ್ಚು ಜನರನ್ನು ಹಿಡಿದು ಹೀರಾನಗರದ ಉಪ ಕಾರಾಗೃಹದಲ್ಲಿ ಇರಿಸಲಾಯಿತು. ಅಲ್ಲಿ ಒಬ್ಬ ತಾಯಿ ನಮಾಜಿಗೆ ಶುಚಿಯಾದ ಜಾಗ ಕೇಳಿದರೆ, ರಂಜಾನ್ ಉಪವಾಸಕ್ಕೆ ಹೊತ್ತಿಗೆ ಸರಿಯಾಗಿ ಊಟ ಕೇಳಿದರೆ, ‘ಕೊಡಿ’ ಎನ್ನುವ ಮೊದಲ ದನಿ ಬೌದ್ಧರದ್ದಾಗಬೇಕು.

ಕರುಣೆಯಲ್ಲೇ ನಿಲ್ಲದೆ ಸಕಲ ಜೀವಿಗಳ ಮೇಲಿನ ಮೈತ್ರಿಯವರೆಗೂ ಹೋಗಬೇಕೆಂದು ಭಗವಾನರು ಕಲಿಸಿದರು ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸುತ್ತಾರೆ. ಅದೇ ಗ್ರಂಥದಲ್ಲಿ ಸಿದ್ಧಾರ್ಥರು ಮನೆ ಬಿಟ್ಟ ಕಾರಣವನ್ನೂ ಓದಿದ್ದೇವೆ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡವೆಂದು ಶಾಕ್ಯ ಸಂಘದಲ್ಲಿ ಎದ್ದು ನಿಂತರು. ಬಹುಮತ ಅವರ ವಿರುದ್ಧವಾಯಿತು. ಅವರು ಪರಿವ್ರಾಜಕರಾಗಿ ದೇಶ ಬಿಟ್ಟರು. ನಮ್ಮ ಶಾಸ್ತಾರರೂ ಒಂದು ಕಾಲಕ್ಕೆ ತನ್ನ ನಾಡು ತೊರೆದು ಬೇರೆ ರಾಜ್ಯದಲ್ಲಿ ಭಿಕ್ಷೆ ಬೇಡಿದವರು.

*ಮಾನವೀಯತೆ ಎಂದರೆ ಸಣ್ಣ ಸಣ್ಣ ವಸ್ತುಗಳು*

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ, ಬಂಧನದಲ್ಲಿರುವವರು ತಮ್ಮ ಧರ್ಮದ ಗುರುವನ್ನು ಕಾಣುವುದನ್ನು ತಡೆಯಬಾರದು, ಧರ್ಮಗ್ರಂಥವನ್ನು ಇಟ್ಟುಕೊಳ್ಳಲು ಬಿಡಬೇಕು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕೈಪಿಡಿ ನೀರು, ಶೌಚಾಲಯ, ಹಾಸಿಗೆ, ಅಡುಗೆಮನೆ ಇರಬೇಕು, ಕುಟುಂಬವನ್ನು ಬೇರೆ ಮಾಡಬಾರದು ಎನ್ನುತ್ತದೆ. ಆದರೂ ಅಸ್ಸಾಮಿನ ಮಟಿಯಾ ಕೇಂದ್ರದಲ್ಲಿ ಸಾಕಷ್ಟು ನೀರಿಲ್ಲ, ಸರಿಯಾದ ಶೌಚ ವ್ಯವಸ್ಥೆಯಿಲ್ಲ ಎಂಬ ವರದಿ ನೋಡಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬೇಸರಪಟ್ಟಿತು. ಕೈಕಾಲು ತೊಳೆಯಲು ನೀರಿಲ್ಲದ ಕಡೆ ಪ್ರಾರ್ಥನೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಹಕ್ಕಿಗಾಗಿ 1927ರಲ್ಲಿ ಮಹಾಡಿನ ಕೆರೆಗೆ ನಡೆದವರ ಮಕ್ಕಳು ನಾವು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

*ಇಂದಿನ ಅಭ್ಯಾಸ*

1. ಸಂಜೆ ಮೈತ್ರಿ ಭಾವನೆ ಮಾಡುವಾಗ ಬೀಗದ ಒಳಗಿರುವ ಒಬ್ಬ ಪರದೇಶಿಯನ್ನು ನೆನೆಯಿರಿ. ಆತನ ಧರ್ಮ ನಿಮ್ಮದಲ್ಲ ಎಂದುಕೊಂಡೇ ನೆನೆಯಿರಿ.

2. ಮನೆಮಂದಿ ಕೂತು 19 ಮತ್ತು 25ನೇ ವಿಧಿಗಳನ್ನು ಜೋರಾಗಿ ಓದಿ. ‘ನಾಗರಿಕ’ ಎಲ್ಲಿದೆ, ‘ವ್ಯಕ್ತಿ’ ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸಿ.

3. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಯಾರಾದರೂ ಕಷ್ಟದಲ್ಲಿರುವುದು ತಿಳಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಿ.

4. ‘ನುಸುಳುಕೋರರು’ ಎಂದು ಇಡೀ ಸಮುದಾಯವನ್ನು ಹೀಯಾಳಿಸುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಸಮ್ಯಕ್ ವಾಚೆ ಫೋನಿನಲ್ಲೂ ಪಾಲಿಸಬೇಕಾದ ಶೀಲ.

ಎಲ್ಲ ಜೀವಿಗಳೂ ಸುಖವಾಗಿರಲಿ.

ನಮೋ ಬುದ್ಧಾಯ. ಜೈ ಭೀಮ್. 🙏