ಆಕಾಶಕ್ಕೆ ತೋರಿಸದೆ ಮಾರಿದ ಸರ್ಚ್‌ಲೈಟ್

ಲಂಡನ್ನಿನಲ್ಲಿ ಸರ್ಚ್‌ಲೈಟ್ ಮಾರಲು ಹೊರಟವರಿಗೆ ಮೊದಲು ಅಡ್ಡ ಬರುವುದು ಆಕಾಶ. ಕಾರು ಮಾರುವವನು ಓಡಿಸಿ ತೋರಿಸುತ್ತಾನೆ, ವೀಣೆ ಮಾರುವವನು ನುಡಿಸಿ ತೋರಿಸುತ್ತಾನೆ. ಮೈಲಿಗಟ್ಟಲೆ ದೂರದ ಕತ್ತಲನ್ನು ಸೀಳುವುದೇ ಸರ್ಚ್‌ಲೈಟಿನ ಕೆಲಸ. ಅದನ್ನು ಇಲ್ಲಿನ ಹ್ಯಾರೋ ಬಡಾವಣೆಯ ಹಿತ್ತಲಲ್ಲಿ ನಿಂತು ಮಾಡಿ ತೋರಿಸುವಂತಿಲ್ಲ. ಒಂದು ಕಡೆ ಹೀಥ್ರೋಗೆ ಇಳಿಯುವ ವಿಮಾನಗಳ ಸಾಲು, ಇನ್ನೊಂದು ಕಡೆ ನಾರ್ತೋಲ್ಟ್ ವಾಯುಪಡೆ ನಿಲ್ದಾಣ. ವಿಮಾನಕ್ಕೆ ಅಪಾಯ ತರುವ ಅಥವಾ ಪೈಲಟ್‌ನ ಕಣ್ಣು ಕೋರೈಸುವ ಬೆಳಕನ್ನು ಬಿಡುವುದು 2016ರ ಏರ್ ನ್ಯಾವಿಗೇಷನ್ ಆರ್ಡರ್ ಪ್ರಕಾರ ಅಪರಾಧ. ಸಾರ್ವಜನಿಕ ಪ್ರದರ್ಶನಕ್ಕೆ ಬೆಳಕಿನ ಕಂಬ ಎಬ್ಬಿಸುವವರು ಮುಂಚಿತವಾಗಿ ಸಿವಿಲ್ ಏವಿಯೇಷನ್ ಅಥಾರಿಟಿಗೆ ತಿಳಿಸಬೇಕು. ವಿಮಾನದ ಮಾತು ಬಿಟ್ಟರೂ ಪಕ್ಕದ ಮನೆಯವರಿದ್ದಾರೆ. ಮಲಗುವ ಕೋಣೆಗೆ ಬೀಳುವ ಕೃತಕ ಬೆಳಕಿನ ವಿರುದ್ಧ ಕೌನ್ಸಿಲ್‌ಗೆ ದೂರು ಕೊಡಲು 2005ರ ಕಾಯ್ದೆಯೊಂದು ದಾರಿ ಮಾಡಿಕೊಟ್ಟಿದೆ.

ಹೀಗಾಗಿ ಈ ನಗರದಲ್ಲಿ ಸರ್ಚ್‌ಲೈಟ್ ಕೊಳ್ಳುವವರು ಅದರ ಬೆಳಕನ್ನು ಬಹುಮಟ್ಟಿಗೆ ನಂಬಿಕೆಯ ಮೇಲೆಯೇ ಕೊಳ್ಳುತ್ತಾರೆ. ಆ ನಂಬಿಕೆಯನ್ನು ಕಟ್ಟಿಕೊಡುವುದೇ ಮಾರುವವನ ಕೆಲಸ. ವರ್ಷಗಟ್ಟಲೆ ಗ್ಯಾರೇಜಿನಲ್ಲಿಟ್ಟುಕೊಂಡಿದ್ದ ದೀಪವೊಂದನ್ನು ಕೈಬಿಡುವಾಗ ನನಗೆ ಮನದಟ್ಟಾದದ್ದು ಇದು.

ಮಾರಾಟಕ್ಕಿದ್ದದ್ದು ಅಮೆರಿಕದ ಸೇನೆ ಬಳಸುತ್ತಿದ್ದ ಎಎನ್/ವಿಎಸ್‌ಎಸ್-3ಎ. ಶೀತಲ ಸಮರದ ಕಾಲದಲ್ಲಿ ಎಂ60 ಟ್ಯಾಂಕಿನ ಫಿರಂಗಿಯ ಮೇಲ್ಭಾಗದಲ್ಲಿ ಕೂರಿಸುತ್ತಿದ್ದ, 1 ಕಿಲೋವ್ಯಾಟ್ ಸಾಮರ್ಥ್ಯದ ಸೀನಾನ್ ದೀಪ. ಕಪ್ಪು ಫಿಲ್ಟರನ್ನು ಅಡ್ಡ ತಂದರೆ ಕಣ್ಣಿಗೆ ಕಾಣುವ ಬೆಳಕೆಲ್ಲ ನಿಂತು ಇನ್‌ಫ್ರಾರೆಡ್ ಮಾತ್ರ ಹೊರಗೆ ಹೋಗುತ್ತದೆ. ಟ್ಯಾಂಕಿನೊಳಗಿನ ಸೈನಿಕ ಅದಕ್ಕೆಂದೇ ಮಾಡಿದ ದುರ್ಬೀನಿನಲ್ಲಿ ಎದುರಿನ ಬಯಲನ್ನು ನೋಡುತ್ತಿದ್ದ. ಆದರೆ ಅಂಥದೇ ದುರ್ಬೀನು ಶತ್ರುವಿನ ಕೈಯಲ್ಲೂ ಇದ್ದರೆ ದೀಪ ಹಚ್ಚಿದವನ ಜಾಗವೇ ಮೊದಲು ಬಯಲಾಗುತ್ತಿತ್ತು. ನಕ್ಷತ್ರದ ಬೆಳಕಿನಲ್ಲೇ ಕಾಣಿಸುವ, ಮೈಯ ಶಾಖವನ್ನೇ ಹಿಡಿಯುವ ಉಪಕರಣಗಳು ಬಂದ ಮೇಲೆ ಸೇನೆಗಳು ಈ ದೀಪಗಳನ್ನು ಕಳಚಿ ಗುಜರಿಗೆ ಹಾಕಿದವು. ಅಮೆರಿಕದಲ್ಲೇ ಪೂರ್ತಿ ಸ್ಥಿತಿಯಲ್ಲಿ ಸಿಗುವುದು ಕಷ್ಟವಾಗಿರುವಾಗ ಇಂಗ್ಲೆಂಡಿನ ಮಾತು ಹೇಳಬೇಕಿಲ್ಲ.

ಲಂಡನ್ನಿಗೂ ಸರ್ಚ್‌ಲೈಟಿಗೂ ಹಳೆಯ ನಂಟಿದೆ. 1897ರಲ್ಲಿ ಇಲ್ಲಿ ವಿದ್ಯುತ್ ಇಂಜಿನಿಯರುಗಳ ಸ್ವಯಂಸೇವಕ ಪಡೆಯೊಂದು ಶುರುವಾಯಿತು. ಭೌತವಿಜ್ಞಾನಿ ಜಾನ್ ಹಾಪ್ಕಿನ್ಸನ್ ಅದರ ಮುಖ್ಯಸ್ಥ. ಮುಂದೆ ಅದರ ತಂಡವೊಂದನ್ನು ಸರ್ಚ್‌ಲೈಟುಗಳ ಸಮೇತ ದಕ್ಷಿಣ ಆಫ್ರಿಕಾದ ಯುದ್ಧಕ್ಕೆ ಕರೆದೊಯ್ದವನು ಆರ್.ಇ.ಬಿ. ಕ್ರಾಂಪ್ಟನ್. ನಮ್ಮ ಮನೆಗಳ ಸೀಲಿಂಗ್ ಫ್ಯಾನಿನ ಮೇಲೆ ಕಾಣುವ ಹೆಸರು ಇವನದೇ. ಇಂಡಿಯಾದಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ರಸ್ತೆಯ ಮೇಲೆ ಉಗಿಬಂಡಿ ಓಡಿಸಿ ನೋಡಿದ್ದ ಆಸಾಮಿ. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಲಂಡನ್ನಿನ ಮೇಲೆ ಬಂದ ಜರ್ಮನಿಯ ವಾಯುನೌಕೆ ಎಸ್‌ಎಲ್-11 ಸರ್ಚ್‌ಲೈಟುಗಳ ಬೆಳಕಿಗೆ ಸಿಕ್ಕಿ, ಪೈಲಟ್ ಲೀಫ್ ರಾಬಿನ್ಸನ್‌ನ ಗುಂಡಿಗೆ ಉರಿದು ನಗರದ ಉತ್ತರಕ್ಕಿರುವ ಕಫ್ಲಿ ಎಂಬ ಹಳ್ಳಿಯಲ್ಲಿ ಬಿತ್ತು. ಎರಡನೇ ಮಹಾಯುದ್ಧದಲ್ಲಂತೂ ದೀಪಗಳು ನಗರವನ್ನು ಸುತ್ತುವರಿದಿದ್ದವು. ಅವನ್ನು ನಡೆಸಿದ ಪಡೆಗಳಲ್ಲೊಂದಾದ 93ನೇ ಸರ್ಚ್‌ಲೈಟ್ ರೆಜಿಮೆಂಟಿನಲ್ಲಿ ಬಹುತೇಕ ಮಹಿಳೆಯರೇ ಇದ್ದರು. ಕಾರ್ಬನ್ ಬದಲಾಯಿಸುವಂಥ ಕೆಲಸವೂ ಅವರದೇ. ಆಗಿನ 150 ಸೆಂಟಿಮೀಟರ್ ದೀಪದ ಶಕ್ತಿ 51 ಕೋಟಿ ಕ್ಯಾಂಡಲ್‌ಪವರ್. ಅಮೆರಿಕದ 60 ಅಂಗುಲದ್ದಕ್ಕೆ 80 ಕೋಟಿ ಎಂದು ಲೆಕ್ಕ.

ಈ ಕ್ಯಾಂಡಲ್‌ಪವರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮಾರಾಟದಲ್ಲಿ ತಪ್ಪು ಗಿರಾಕಿಗಳನ್ನು ಎಳೆದು ತರುವುದೇ ಇದು. ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ಬಿಗಿಯಾಗಿ ಹೋಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಸೀನಾನ್ ದೀಪದಲ್ಲಿ ಬೆಳಕು ಹುಟ್ಟುವ ಜಾಗ ಕೆಲವೇ ಮಿಲಿಮೀಟರ್. ಅಷ್ಟು ಸಣ್ಣ ಚುಕ್ಕೆಯನ್ನು ಒಳ್ಳೆಯ ಕನ್ನಡಿಯ ಮುಂದಿಟ್ಟರೆ ಕಿರಣ ಹೆಚ್ಚು ಹರಡದೆ ಸಾಗುತ್ತದೆ, ಸಂಖ್ಯೆ ಕೋಟಿಗಳಿಗೆ ಏರುತ್ತದೆ. ಮೈದಾನ ಬೆಳಗಲು ಬೇಕಾದದ್ದು ಬೇರೆಯೇ ದೀಪ. ಜಾಹೀರಾತಿನಲ್ಲಿ ಕೋಟಿಗಳನ್ನು ದಪ್ಪಕ್ಷರದಲ್ಲಿ ಹಾಕಿದರೆ ಪಾರ್ಟಿಗೆ ದೀಪ ಬೇಕೆನ್ನುವವರು, ಅಂಗಡಿ ಉದ್ಘಾಟನೆಗೆ ಬಾಡಿಗೆ ಕೇಳುವವರು, ಚಂದ್ರನವರೆಗೆ ಹೋಗುತ್ತದೆಯೇ ಎನ್ನುವ ಹುಡುಗರು ಫೋನ್ ಮಾಡುತ್ತಾರೆ. ಸಂಖ್ಯೆ ತೆಗೆದು ಮಾದರಿಯ ಹೆಸರು, ನಾಮಫಲಕದ ಚಿತ್ರ, ಏನೇನಿದೆ ಏನೇನಿಲ್ಲ ಎಂಬ ಪಟ್ಟಿ ಹಾಕಿದ ಮೇಲೆ ಫೋನುಗಳು ಕಡಿಮೆಯಾದವು. ಬಂದ ಕರೆಗಳಲ್ಲಿ ಮಾತ್ರ ಹುರುಳಿತ್ತು.

ಏನಿಲ್ಲ ಎಂಬುದನ್ನು ಬರೆಯುವುದು ವಿನಯಕ್ಕಲ್ಲ. ಬ್ರಿಟನ್ನಿನಲ್ಲಿ ಖಾಸಗಿಯಾಗಿ ಹಳೆಯ ಸಾಮಾನು ಮಾರುವವನ ಮೇಲೆ ವ್ಯಾಪಾರಿಗಿರುವಷ್ಟು ಹೊಣೆ ಇಲ್ಲ. ಆದರೆ ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ತಾಳೆಯಾಗಲೇಬೇಕೆಂದು 1979ರ ಸೇಲ್ ಆಫ್ ಗೂಡ್ಸ್ ಆಕ್ಟ್ ಹೇಳುತ್ತದೆ. ‘ಕೆಲಸ ಮಾಡುತ್ತದೆ’ ಎಂಬ ಒಂದು ಮಾತಿಗೆ ಬಹಳ ತೂಕವಿದೆ. ಯಾವತ್ತು, ಯಾವ ವಿದ್ಯುತ್ ಮೂಲದಿಂದ, ಎಷ್ಟು ಹೊತ್ತು ಉರಿಯಿತು ಎಂದು ಬರೆದರೆ ಓದುವವನಿಗೂ ಸುಲಭ, ಬರೆದವನಿಗೂ ಕ್ಷೇಮ.

ನೋಡಲು ಬಂದವರ ನಡವಳಿಕೆಯಲ್ಲೇ ಜಾತಿ ಗೊತ್ತಾಗುತ್ತಿತ್ತು. ಊರಿನ ಸ್ನೇಹಿತರು ಬಂದರೆ ಗಾಜಿನ ಮುಂದೆ ನಿಂತು, “ಎಷ್ಟು ದೂರ ಹೋಗುತ್ತೆ ಸಾರ್ ಇದು?” ಎನ್ನುತ್ತಿದ್ದರು. ಸಂಗ್ರಾಹಕ ನೇರ ದೀಪದ ಹಿಂದಕ್ಕೆ ಹೋಗಿ ಮಂಡಿಯೂರುತ್ತಾನೆ. ಕೈಯಲ್ಲೊಂದು ಪುಟ್ಟ ಟಾರ್ಚು. ಸ್ಕ್ರೂಗಳ ತಲೆ ಸವೆದಿದೆಯೇ, ರಬ್ಬರ್ ಗ್ಯಾಸ್ಕೆಟ್ ಒಣಗಿದೆಯೇ, ನಾಮಫಲಕದ ರಿವೆಟ್‌ಗಳು ಮೂಲದವೇ, ಮೇಲಿನ ಹಸಿರು ಬಣ್ಣ ಕಾರ್ಖಾನೆಯದೇ ಅಥವಾ ಯಾರೋ ಆಮೇಲೆ ಬಳಿದದ್ದೇ ಎಂದು ನೋಡುತ್ತಾನೆ. ಹಳೆಯ ಬಣ್ಣ ಅಲ್ಲಲ್ಲಿ ಎದ್ದಿದ್ದರೆ ಅವನಿಗೆ ಸಂತೋಷ. ಮಾರುವ ಮುನ್ನ ಹೊಸ ಬಣ್ಣ ಬಳಿದು ಪಳಪಳ ಎನ್ನಿಸುವ ನಮ್ಮ ಅಭ್ಯಾಸ ಈ ಜನರ ಮುಂದೆ ನಡೆಯುವುದಿಲ್ಲ. ಕನ್ನಡಿಯನ್ನಂತೂ ಬಟ್ಟೆಯಿಂದ ಉಜ್ಜಲೇಬಾರದು. ಧೂಳಿದ್ದರೆ ಊದಿ ತೆಗೆಯಬಹುದು. ಲೇಪ ಗೀಚಿಹೋದರೆ ಕಿರಣವೂ ಹಾಳು, ಬೆಲೆಯೂ ಹಾಳು.

ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಬಲ್ಬಿನ ಮುಂದೆ. ಟೂರಿಂಗ್ ಟಾಕೀಸಿನ ಪ್ರೊಜೆಕ್ಟರ್ ಕೋಣೆಯ ಹಿಂದೆ ಬಿದ್ದಿರುತ್ತಿದ್ದ ತಾಮ್ರ ಲೇಪಿಸಿದ ಕಾರ್ಬನ್ ಕಡ್ಡಿಯ ತುಂಡುಗಳನ್ನು ಆರಿಸಿದವರಿಗೆ ಹಳೆಯ ಸರ್ಚ್‌ಲೈಟಿನ ತತ್ವ ಗೊತ್ತು. ಎರಡು ಕಡ್ಡಿಗಳ ನಡುವೆ ಹೊತ್ತುವ ಬೆಂಕಿ, ಕಡ್ಡಿ ಸವೆದಂತೆ ಮುಂದೆ ತಳ್ಳುತ್ತಿರಬೇಕು. 1950ರ ದಶಕದ ಆರಂಭದಲ್ಲಿ ಜರ್ಮನಿಯ ಓಸ್ರಾಮ್ ಕಂಪನಿ ಹೊರತಂದ ಸೀನಾನ್ ಬಲ್ಬು ಆ ಕಷ್ಟವನ್ನು ತಪ್ಪಿಸಿತು, ಚಿತ್ರಮಂದಿರಗಳಿಗೂ ಬಂತು. ಜೊತೆಗೆ ಬೇರೆ ಅಪಾಯವನ್ನೂ ತಂದಿತು. ಸ್ಫಟಿಕದ ಆ ಬುರುಡೆಯೊಳಗೆ ಅನಿಲ ತಣ್ಣಗಿದ್ದಾಗಲೇ ವಾತಾವರಣದ ಹಲವು ಪಟ್ಟು ಒತ್ತಡದಲ್ಲಿರುತ್ತದೆ, ಉರಿಯುವಾಗ ಇನ್ನೂ ಏರುತ್ತದೆ. ಕೈಜಾರಿದರೆ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಬಿಸಿಗೆ ಸುಟ್ಟು ಸ್ಫಟಿಕ ದುರ್ಬಲವಾಗುತ್ತದೆ. ಮುಖಕ್ಕೆ ಗಟ್ಟಿ ಕವಚ, ದಪ್ಪ ಕೈಗವಸು ಇಲ್ಲದೆ ಮುಚ್ಚಳ ತೆಗೆಯಬಾರದೆಂದು ಕೈಪಿಡಿಗಳು ಒತ್ತಿ ಹೇಳುವುದು ಇದಕ್ಕೇ. ಹಾಗಾಗಿ ಬಿಡಿ ಬಲ್ಬು ಮೂಲ ಪೆಟ್ಟಿಗೆಯಲ್ಲೇ ಇದ್ದರೆ ಅರ್ಧ ವ್ಯಾಪಾರ ಕುದುರಿದಂತೆ. ಅದನ್ನು ಅಂಚೆಯಲ್ಲಿ ಕಳಿಸಿ ಎನ್ನುವವರಿಗೆ ಮಾತ್ರ ಕೈಮುಗಿಯಬೇಕು, ಬಂದು ಒಯ್ಯಲಿ.

ಸುರಕ್ಷತೆಯ ವಿಷಯದಲ್ಲಿ ಕಾರ್ಬನ್ ದೀಪ ಮಾರುವವರ ಪಾಡು ಇನ್ನೊಂದು ಬಗೆಯದು. ಯುದ್ಧಕಾಲದ ದೀಪಗಳಲ್ಲಿ ಶಾಖ ತಡೆಯಲು ಆಸ್ಬೆಸ್ಟಾಸ್ ಸುತ್ತಿದ ತಂತಿಗಳಿರುವುದು ಸಾಮಾನ್ಯ. ಬ್ರಿಟನ್ 1999ರಲ್ಲಿ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿತು. ಅದಿರುವ ಹಳೆಯ ವಸ್ತುವನ್ನು ಹಾಗೆಯೇ ಇನ್ನೊಬ್ಬರಿಗೆ ದಾಟಿಸುವುದೂ ನಿಷೇಧದೊಳಗೇ ಬರುತ್ತದೆ, ವಿನಾಯಿತಿಗಳು ಬಹಳ ಕಿರಿದು. ತಂತಿ ಬದಲಾಯಿಸಿದರೆ ‘ಮೂಲ ಸ್ಥಿತಿ’ ಹೋಯಿತು, ಬದಲಾಯಿಸದಿದ್ದರೆ ಮಾರುವಂತಿಲ್ಲ. ಕೆಂಟ್ ಕಡೆಯ ಹಿರಿಯ ಸಂಗ್ರಾಹಕರೊಬ್ಬರು ತೆಗೆದ ತಂತಿಯ ಫೋಟೊ, ಅದನ್ನು ವಿಲೇವಾರಿ ಮಾಡಿದ ಸಂಸ್ಥೆಯ ರಸೀದಿ ಎರಡನ್ನೂ ದೀಪದ ಜೊತೆಗಿರುವ ಕಡತದಲ್ಲಿ ಸೇರಿಸುತ್ತಾರೆ. ಕಳೆದುಹೋದದ್ದರ ದಾಖಲೆಯೂ ವಸ್ತುವಿನ ಚರಿತ್ರೆಯೇ ಎಂಬುದು ಅವರ ವಾದ. ನನಗೂ ಅದು ಒಪ್ಪಿಗೆ.

ಕಡತ ಎನ್ನುವುದು ಈ ಲೋಕದಲ್ಲಿ ದೀಪದಷ್ಟೇ ಮುಖ್ಯ. ದೀಪ ಯಾವ ಡಿಪೋದಿಂದ ಹೊರಬಿತ್ತು, ಯಾವ ಹರಾಜಿನಲ್ಲಿ ಯಾರು ಕೊಂಡರು, ನಡುವೆ ಯಾರು ರಿಪೇರಿ ಮಾಡಿದರು ಎಂಬ ಕಾಗದದ ಸರಪಳಿ ಮುರಿಯದೆ ಇದ್ದರೆ ಖಾಸಗಿ ಸಂಗ್ರಾಹಕ ಹೆಚ್ಚು ಕೊಡುತ್ತಾನೆ. ವಸ್ತುಸಂಗ್ರಹಾಲಯಗಳಂತೂ ಕಾಗದವಿಲ್ಲದೆ ಮುಟ್ಟುವುದೇ ಇಲ್ಲ. ಯೂಸ್ಟನ್ ಹತ್ತಿರ ಲಾರೆನ್ಸ್ ಕಾರ್ನರ್ ಎಂಬ ಪ್ರಸಿದ್ಧ ಮಿಲಿಟರಿ ಸರ್‌ಪ್ಲಸ್ ಅಂಗಡಿಯಿತ್ತು; 2007ರಲ್ಲಿ ಮುಚ್ಚಿತು. ಲೈಲ್ ಸ್ಟ್ರೀಟಿನಲ್ಲಿ ಯುದ್ಧಾನಂತರ ಸೇನೆಯ ರೇಡಿಯೊ ಬಿಡಿಭಾಗಗಳನ್ನು ರಾಶಿ ಹಾಕಿ ಮಾರುತ್ತಿದ್ದ ಅಂಗಡಿಗಳೂ ಹೋದವು. ಅಂಥ ಅಂಗಡಿಗಳ ಹಳದಿಗಟ್ಟಿದ ಬಿಲ್ಲು ಈಗ ಸಂಗ್ರಾಹಕರಿಗೆ ಸಾಕ್ಷ್ಯ.

ಹಾಗಾದರೆ ಉರಿಸಿ ತೋರಿಸಿದ್ದು ಎಲ್ಲಿ? ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ಹಾಡಹಗಲು, ಬಾಗಿಲು ಹಾಕಿಕೊಂಡು, ಇಟ್ಟಿಗೆ ಗೋಡೆಗೆ ಮುಖ ಮಾಡಿ. ಹೊತ್ತಿಸುವಾಗ ಸಾವಿರಾರು ವೋಲ್ಟಿನ ಒಂದು ಚಟ್, ಪಕ್ಕದಲ್ಲಿದ್ದ ರೇಡಿಯೊ ಗೊರಗೊರ ಎಂದಿತು. ಗೋಡೆಯ ಮೇಲೆ ಹಗಲನ್ನೂ ಮೀರಿಸುವ ಬಿಳಿ ವೃತ್ತ. ಕಿರಣವನ್ನು ಅಗಲ ಮಾಡಿ, ಕಿರಿದು ಮಾಡಿ, ಫ್ಯಾನ್ ತಿರುಗುವ ಸದ್ದು ಕೇಳಿ, ಕೆಲವೇ ಕ್ಷಣಗಳಲ್ಲಿ ಆರಿಸಿಬಿಟ್ಟದ್ದು. ಆಮೇಲೆ ಕಪ್ಪು ಫಿಲ್ಟರ್ ಹಾಕಿ ಹಳೆಯ ಸೆಕ್ಯುರಿಟಿ ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಕತ್ತಲ ಗೋಡೆ ಬೆಳಗುತ್ತಿತ್ತು. ಕಣ್ಣಿಗೆ ಕಾಣದ ಈ ಬೆಳಕು ಇನ್ನೂ ಹುಷಾರಾಗಿರಬೇಕಾದದ್ದು, ಏಕೆಂದರೆ ಪ್ರಖರವೆಂದು ಗೊತ್ತಾಗದೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಎಲ್ಲರನ್ನೂ ದೀಪದ ಹಿಂದೆ ನಿಲ್ಲಿಸಿಯೇ ಸ್ವಿಚ್ ಒತ್ತಬೇಕು.

ಆಕಾಶಕ್ಕೆ ಬೆಳಕು ಬಿಡಲು ಲಂಡನ್ ಅನುಮತಿ ಕೊಟ್ಟದ್ದೂ ಉಂಟು. ಮೊದಲ ಮಹಾಯುದ್ಧದ ಶತಮಾನೋತ್ಸವಕ್ಕೆ 2014ರ ಆಗಸ್ಟ್‌ನಲ್ಲಿ ಜಪಾನಿನ ಕಲಾವಿದ ರ್‍ಯೋಜಿ ಇಕೆಡಾ ಪಾರ್ಲಿಮೆಂಟಿನ ಪಕ್ಕದ ವಿಕ್ಟೋರಿಯಾ ಟವರ್ ಗಾರ್ಡನ್ಸ್‌ನಲ್ಲಿ 49 ಸೀನಾನ್ ಸರ್ಚ್‌ಲೈಟುಗಳನ್ನು ನೆಟ್ಟಗೆ ಮೇಲಕ್ಕೆ ಬಿಟ್ಟಿದ್ದ. ಮುಸ್ಸಂಜೆಯಿಂದ ಬೆಳಗಿನವರೆಗೆ ನಗರದ ಮೂಲೆಮೂಲೆಯಿಂದ ಆ ಒಂದೇ ಬಿಳಿ ಕಂಬ ಕಾಣುತ್ತಿತ್ತು.   ಇಕೆಡಾನ ದೀಪಗಳನ್ನು ನೋಡಿದ ಮೇಲೆ ಸರ್ಚ್‌ಲೈಟ್ ಹುಚ್ಚು ಹಿಡಿಸಿಕೊಂಡವರು ಇಲ್ಲಿನ ಸಂಗ್ರಾಹಕರಲ್ಲಿದ್ದಾರೆ.

ನನ್ನ ದೀಪಕ್ಕೆ ಹಾಲೆಂಡಿನಿಂದ ಒಬ್ಬರು ಒಳ್ಳೆಯ ಬೆಲೆ ಹೇಳಿದರು. ಆದರೆ ಸೇನೆಗೆಂದೇ ತಯಾರಾದ ಸಾಮಾನು ದೇಶ ದಾಟಬೇಕಾದರೆ ಪರವಾನಗಿ ಬೇಕೇ ಎಂದು ಎಕ್ಸ್‌ಪೋರ್ಟ್ ಕಂಟ್ರೋಲ್ ಜಾಯಿಂಟ್ ಯೂನಿಟ್‌ನಲ್ಲಿ ವಿಚಾರಿಸಬೇಕು, ವಯಸ್ಸಾಯಿತೆಂದ ಮಾತ್ರಕ್ಕೆ ಬಿಟ್ಟುಬಿಡುವುದಿಲ್ಲ. ದೀಪ ಒಳನಾಡಿನಲ್ಲೇ ಉಳಿಯಲೆಂದು ತೀರ್ಮಾನವಾಯಿತು. ಹರಾಜು ಮನೆಯ ದಾರಿಯೂ ಇತ್ತು. ಅಲ್ಲಿ ಕೊಳ್ಳುವವನಿಂದಲೂ ಮಾರುವವನಿಂದಲೂ ಕಮಿಷನ್ ಹಿಡಿಯುವುದರಿಂದ ಇಬ್ಬರಿಗೂ ಗಿಟ್ಟುವುದಿಲ್ಲ. ಮೇಲಾಗಿ ಹರಾಜಿನಲ್ಲಿ ಕೊಂಡವನು ಯಾರೆಂದೇ ಮಾರಿದವನಿಗೆ ತಿಳಿಯುವುದಿಲ್ಲ. ಒತ್ತಡ ತುಂಬಿದ ಬಲ್ಬು ಕೈ ಬದಲಾಗುವಾಗ ಅದು ತಿಳಿದಿರುವುದೇ ಮೇಲು.

ಕೊನೆಗೆ ಕೊಂಡವರು ಹಳೆಯ ಟ್ಯಾಂಕುಗಳ ಬಿಡಿಭಾಗ ಸಂಗ್ರಹಿಸುವವರೊಬ್ಬರು. ನಲವತ್ತು ವರ್ಷ ದಾಟಿದ ಸೇನೆಯ ಲ್ಯಾಂಡ್ ರೋವರಿನಲ್ಲಿ ಬಂದರು. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ ಹಬ್ಬಿದ ಹೊಗೆಸುಂಕ ದಿನಕ್ಕೆ 12.50 ಪೌಂಡ್. ಅಷ್ಟು ಹಳೆಯ ಗಾಡಿಗೆ ಅದರಿಂದ ವಿನಾಯಿತಿ ಇದೆ. ಹೊಗೆ ಹೆಚ್ಚು ಉಗುಳುವುದಕ್ಕೇ ಮಾಫಿ ಎಂದು ಅವರೇ ನಕ್ಕರು. ಬೆಲೆಯ ಮಾತು ಬೇಗ ಮುಗಿಯಿತು. ರಸೀದಿಗೇ ಹೆಚ್ಚು ಹೊತ್ತು ಹಿಡಿಯಿತು: ನಾಮಫಲಕದ ಸಂಖ್ಯೆ, ಪಾರ್ಕ್ ರಾಯಲ್ಲಿನಲ್ಲಿ ಉರಿಸಿದ ದಿನ, ಜೊತೆಗೆ ಕೊಟ್ಟ ಬಲ್ಬು, ಕೈಪಿಡಿಯ ನಕಲು, ಮೂಲ ಕೇಬಲ್ಲಿನ ತುದಿಯ ಪ್ಲಗ್ ಇಲ್ಲ ಎಂಬ ಸಾಲು ಎಲ್ಲವನ್ನೂ ಅವರು ಎದುರು ಕೂತು ಬರೆಸಿಕೊಂಡರು.

ಆ ಪ್ಲಗ್ ಈಗಲೂ ನಮ್ಮಿಬ್ಬರ ನಡುವಿನ ಮಾತುಕತೆಯ ವಿಷಯ. ಅವರು ಅಮೆರಿಕದ ಗುಜರಿಗಳಲ್ಲಿ ವಿಚಾರಿಸುತ್ತಿದ್ದಾರೆ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಪರಿಚಯದ ಅಂಗಡಿಯೊಂದಕ್ಕೆ ಅಂಥ ಪ್ಲಗ್ಗಿನ ಚಿತ್ರ ಕಳಿಸಿದ್ದೇನೆ. “ಇದೇ ಬೇಕಾ, ಇದರ ಥರದ್ದು ಆಗುತ್ತಾ ಸಾರ್?” ಎಂದು ಉತ್ತರ ಬಂದಿದೆ.